ರ‍್ಯಾಕ್1 ಯಾವ ಗುಂಪಿನ ಪ್ರೋಟೀನು?

ಒಂದು ಪುಸ್ತಕ ರ‍್ಯಾಕ್1 ಅನ್ನು ಸಿಗ್ನಲಿಂಗ್ (ಜೀವಕೋಶದೊಳಗೆ ಸಂದೇಶ ಸಾಗಿಸುವ) ಪ್ರೋಟೀನ್ ಅನ್ನುತ್ತದೆ, ಇನ್ನೊಂದು ರೈಬೋಸೋಮಿನ, ಅಂದರೆ ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ಯಂತ್ರದ, ಪ್ರೋಟೀನ್ ಅನ್ನುತ್ತದೆ, ಯಾವುದು ಸರಿ ಅಂತ ಕೇಳಿದ್ದೀರಿ. ಎರಡೂ ಸರಿ.

ಇದರ ಕೆಲಸ ಮೊದಲು ಗೊತ್ತಾಗಿದ್ದು ಸಿಗ್ನಲಿಂಗ್ ಓದುವವರಿಗೆ. ಪಿಕೆಸಿ ಎಂಬ ಕೈನೇಸ್ (ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರಿಸುವ ಕಿಣ್ವ) ಚುರುಕಾದ ಮೇಲೆ ಯಾವುದಕ್ಕೆ ಅಂಟಿಕೊಳ್ಳುತ್ತದೆ ಎಂದು ಡಾರಿಯಾ ಮೊಚ್ಲಿ-ರೋಸೆನ್ ಅವರ ತಂಡ ಹುಡುಕುತ್ತಿತ್ತು. 1994ರಲ್ಲಿ ರ‍್ಯಾಕ್1ರ ಜೀನ್ ಅವರ ಕೈಗೆ ಬಂತು. ಹತ್ತು ವರ್ಷದ ನಂತರ, 2004ರಲ್ಲಿ, ಯೋಆಕಿಮ್ ಫ್ರಾಂಕ್ ಅವರ ತಂಡ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ರೈಬೋಸೋಮ್ ನೋಡಿದಾಗ ಅದೇ ಪ್ರೋಟೀನು 40ಎಸ್ ಎಂಬ ಚಿಕ್ಕ ಭಾಗದ ತಲೆಯ ಮೇಲೆ ಕೂತಿತ್ತು, ಎಂಆರ್‌ಎನ್‌ಎ (ರೈಬೋಸೋಮ್ ಓದುವ ಜೀನಿನ ನಕಲು) ಹೊರಬರುವ ಬಾಯಿಯ ಹತ್ತಿರವೇ. ಪುಸ್ತಕಗಳು ಎರಡು ಥರ ಹೇಳುವುದು ಇದಕ್ಕೇ.

ರ‍್ಯಾಕ್1 ತಾನಾಗಿ ಯಾವ ರಾಸಾಯನಿಕ ಕೆಲಸವನ್ನೂ ಮಾಡುವುದಿಲ್ಲ. ಆಕಾರ ಏಳು ರೆಕ್ಕೆಯ ಫ್ಯಾನಿನಂತೆ. ಒಂದು ಪಕ್ಕ ರೈಬೋಸೋಮಿಗೆ ಅಂಟಿದರೂ ಉಳಿದ ಪಕ್ಕಗಳಲ್ಲಿ ಬೇರೆಯವಕ್ಕೆ ಜಾಗ ಇರುತ್ತದೆ. ಜೀವಕೋಶದ ಹೊರಗಿನಿಂದ ಸಂದೇಶ ಬಂದು ಪಿಕೆಸಿ ಚುರುಕಾದರೆ, ಅದು ಇಲ್ಲಿ ಬಂದು ಕೂರುತ್ತದೆ. ಆಗ ಕೈನೇಸೂ ಅದು ಫಾಸ್ಫೇಟ್ ಸೇರಿಸಬೇಕಾದ ಪ್ರೋಟೀನೂ ಅಕ್ಕಪಕ್ಕ ಸಿಗುತ್ತವೆ. ಹೀಗೆ ಬೇರೆ ಪ್ರೋಟೀನುಗಳನ್ನು ಒಟ್ಟಿಗೆ ತರುವ ಪ್ರೋಟೀನನ್ನೇ ಸ್ಕ್ಯಾಫೋಲ್ಡ್ ಅನ್ನುತ್ತಾರೆ.

ಪುಸ್ತಕಗಳು ಕೊಡುವ ಉದಾಹರಣೆ ಇಐಎಫ್6 ಎಂಬ ಪ್ರೋಟೀನು. ಅದು ರೈಬೋಸೋಮಿನ ದೊಡ್ಡ ಭಾಗವಾದ 60ಎಸ್ ಅನ್ನು ಹಿಡಿದುಕೊಂಡು 40ಎಸ್ ಜೊತೆ ಕೂಡದಂತೆ ತಡೆಯುತ್ತದೆ. ರ‍್ಯಾಕ್1 ಕರೆತಂದ ಪಿಕೆಸಿ ಅದಕ್ಕೆ ಫಾಸ್ಫೇಟ್ ಸೇರಿಸಿದರೆ ಹಿಡಿತ ಬಿಡುತ್ತದೆ, ಎರಡೂ ಭಾಗ ಸೇರಿದ ಪೂರ್ತಿ ರೈಬೋಸೋಮ್, ಅಂದರೆ 80ಎಸ್, ಕೂಡುತ್ತದೆ ಎಂದು 2003ರ ಪ್ರಯೋಗಗಳು ತೋರಿಸಿದವು. ಅಚ್ಚುಕಟ್ಟಾದ ಕಥೆ, ಆದರೆ ನಾನು ಇದನ್ನೇ ಪೂರ್ತಿ ಉತ್ತರ ಅಂತ ಬರೆಯುವುದಿಲ್ಲ. ಹೊಸದಾಗಿ ತಯಾರಾದ 60ಎಸ್‌ನಿಂದ ಇಐಎಫ್6 ಅನ್ನು ಬಿಡಿಸುವುದು ಎಸ್‌ಬಿಡಿಎಸ್ ಮತ್ತು ಇಎಫ್‌ಎಲ್1 ಎಂಬ ಪ್ರೋಟೀನುಗಳ ಜೋಡಿ. ಅಲ್ಲಿ ಪಿಕೆಸಿ ಬೇಕಾಗಿಲ್ಲ.

ಇನ್ನೊಂದು ಮಾತು, ಯೀಸ್ಟಿನಲ್ಲಿ ರ‍್ಯಾಕ್1ರ ಹೆಸರು ಎಎಸ್‌ಸಿ1. ಅದನ್ನು ತೆಗೆದರೂ ಯೀಸ್ಟ್ ಬದುಕುತ್ತದೆ. ಇಲಿಯಲ್ಲಿ ಪೂರ್ತಿ ತೆಗೆದರೆ ಭ್ರೂಣ ಶುರುವಿನಲ್ಲೇ ಸಾಯುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು 2017ರಲ್ಲಿ ಬಂದ ವ್ಯಾಕ್ಸಿನಿಯಾ (ಸಿಡುಬಿನ ವೈರಸ್ಸಿನ ಸಂಬಂಧಿ) ವೈರಸ್ಸಿನ ವಿಷಯ. ಈ ವೈರಸ್ ಸೋಂಕಿನ ಕೊನೆಯ ಹಂತದಲ್ಲಿ ತಯಾರಿಸುವ ಎಂಆರ್‌ಎನ್‌ಎಗಳ ಮುಂದಿನ ತುದಿಯಲ್ಲಿ ‘ಎ’ (ಅಡೆನಿನ್) ಅಕ್ಷರಗಳ ಸಾಲು ಇರುತ್ತದೆ. ವೈರಸ್ಸಿನ ಕೈನೇಸ್ ರ‍್ಯಾಕ್1ರ ಒಂದು ಕುಣಿಕೆಗೆ ಫಾಸ್ಫೇಟ್ ಸೇರಿಸಿ ಅಲ್ಲಿ ಋಣ ವಿದ್ಯುದಂಶ ತುಂಬುತ್ತದೆ. ಆಗ ರೈಬೋಸೋಮ್ ಅಂಥ ಎಂಆರ್‌ಎನ್‌ಎಗಳನ್ನೇ ಹೆಚ್ಚು ಓದುತ್ತದೆ. ಗಿಡಗಳ ರ‍್ಯಾಕ್1ರಲ್ಲಿ ಆ ಜಾಗಕ್ಕೆ ಹುಟ್ಟಿನಿಂದಲೇ ಋಣ ವಿದ್ಯುದಂಶ ಇದೆ.