ಅಂಗಡಿ ಮುಚ್ಚಿದೆ, ಸಾಲ ಉಳಿದಿದೆ: ದಿವಾಳಿ ಅರ್ಜಿಗೆ ಮುಂಚೆ ವಕೀಲರಿಗೆ ಏನೇನ್ ಹೇಳ್ಬೇಕು?

ಪ್ರಶ್ನೆ: ಸಾರ್ ನಮಸ್ಕಾರ. ದಾವಣಗೆರೆಯಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ ಇಟ್ಕೊಂಡಿದ್ದೆ, ಹನ್ನೊಂದು ವರ್ಷ ನಡೀತು, ಹೋದ ದೀಪಾವಳಿ ಕಳೆದ ಮೇಲೆ ಮುಚ್ಚಿದೆ. ಈಗ ಒಟ್ಟು 23 ಲಕ್ಷ ಸಾಲ. ಬ್ಯಾಂಕಿನ ಬಿಸಿನೆಸ್ ಲೋನ್ 9 ಲಕ್ಷ, ಎರಡು ಕ್ರೆಡಿಟ್ ಕಾರ್ಡಿಂದ 3 ಲಕ್ಷ, ಕೈಸಾಲ 8 ಲಕ್ಷ, ಎತ್ತಿದ ಚೀಟಿಗೆ ಇನ್ನೂ 3 ಲಕ್ಷ ಕಟ್ಟೋದಿದೆ. ಕೈಸಾಲ ಕೊಟ್ಟ ಇಬ್ರು ಖಾಲಿ ಚೆಕ್ ಇಸ್ಕೊಂಡಿದಾರೆ. ಹರಿಹರದ ಹತ್ರ ನನ್ನ ಹೆಸರಲ್ಲಿ ಒಂದು ಸೈಟ್ ಇದೆ, 7 ಲಕ್ಷ ಬಾಳಬಹುದು. ಮನೆ ಅಮ್ಮನ ಹೆಸರಲ್ಲಿದೆ. ಸ್ನೇಹಿತ ಒಬ್ಬ "ಪಾಪರ್ ಚೀಟಿ ತಗೊಂಡ್ಬಿಡು, ಎಲ್ಲಾ ಮುಗಿಯುತ್ತೆ, ಅದಕ್ಕೆ ಮುಂಚೆ ಸೈಟನ್ನ ಬಾಮೈದನ ಹೆಸರಿಗೆ ಮಾಡ್ಬಿಡು" ಅಂತಿದಾನೆ. ಹೋದ ತಿಂಗಳು ಮಾವನವರ 1 ಲಕ್ಷ ಮಾತ್ರ ವಾಪಸ್ ಕೊಟ್ಟೆ. ಮುಂದಿನ ವಾರ ವಕೀಲರನ್ನ ನೋಡ್ತೀನಿ. ಏನ್ ತಗೊಂಡು ಹೋಗ್ಲಿ? ಜೈಲಿಗೆ ಹಾಕ್ತಾರಾ? ರಾತ್ರಿ ನಿದ್ದೆನೇ ಬರಲ್ಲ ಸಾರ್.

ಉತ್ತರ: ಮೊದಲು ಆ ಸೈಟಿನ ವಿಷಯ. ದಯವಿಟ್ಟು ಅದನ್ನ ಬಾಮೈದನ ಹೆಸರಿಗೆ ಮಾಡ್ಬೇಡಿ. ನಿಮ್ಮ ಸ್ನೇಹಿತರು ನಿಮ್ಮ ಒಳ್ಳೇದಕ್ಕೇ ಹೇಳಿರಬಹುದು, ಆದ್ರೆ ಈ ಒಂದು ಕೆಲಸದಿಂದ ನಿಮ್ಮ ಇಡೀ ಅರ್ಜಿಗೇ ಪೆಟ್ಟು ಬೀಳಬಹುದು. ಸರಿಯಾದ ಬೆಲೆ ತಗೊಳ್ದೆ ಯಾರಿಗಾದ್ರೂ ಬರೆದುಕೊಟ್ಟು, ಎರಡು ವರ್ಷದೊಳಗೆ ದಿವಾಳಿ ಅರ್ಜಿ ಬಂದ್ರೆ ಕೋರ್ಟು ಆ ಕ್ರಯನ ರದ್ದು ಮಾಡಬಹುದು. ಆಸ್ತಿ ಮುಚ್ಚಿಡೋಕೆ ಮಾಡಿದ್ದು ಅಂತ ಸಾಬೀತಾದ್ರೆ ಒಂದು ವರ್ಷದವರೆಗೆ ಜೈಲು ಶಿಕ್ಷೆನೂ ಇದೆ. ನೋಡಿ, ಸಾಲ ತೀರಿಸೋಕೆ ಆಗ್ಲಿಲ್ಲ ಅನ್ನೋದು ಅಪರಾಧ ಅಲ್ಲ, ಇರೋದನ್ನ ಬಚ್ಚಿಟ್ರೆ ಅದು ಅಪರಾಧ. ಬಾಮೈದನೂ ಸುಮ್ನೆ ಕೋರ್ಟಿಗೆ ಅಲೀಬೇಕಾಗುತ್ತೆ.

ಮಾವನವರಿಗೆ ಕೊಟ್ಟ 1 ಲಕ್ಷದ್ದೂ ಇದೇ ಜಾತಿಯ ತೊಂದರೆ, ಸ್ವಲ್ಪ ಸಣ್ಣದು. ಹತ್ತು ಜನಕ್ಕೆ ಬಾಕಿ ಇರುವಾಗ ಒಬ್ರಿಗೆ ಮಾತ್ರ ಅನುಕೂಲ ಆಗ್ಲಿ ಅಂತ ಕೊಟ್ಟು, ಕೊಟ್ಟ ಮೂರು ತಿಂಗಳೊಳಗೆ ಅರ್ಜಿ ದಾಖಲಾದ್ರೆ ರಿಸೀವರ್ (ದಿವಾಳಿಯಾದೋರ ಆಸ್ತಿ ನೋಡ್ಕೊಳ್ಳೋಕೆ ಕೋರ್ಟು ನೇಮಿಸೋರು) ಅದನ್ನ ವಾಪಸ್ ಕೇಳಬಹುದು. ನೀವು ಮಾಡಿದ್ದು ಸಂಬಂಧದ ದಾಕ್ಷಿಣ್ಯಕ್ಕೆ, ಅದು ನಂಗೂ ಅರ್ಥ ಆಗುತ್ತೆ. ಆದ್ರೆ ವಕೀಲರಿಗೆ ಮೊದಲ ದಿನವೇ ಇದನ್ನ ಹೇಳಿ, ಯಾಕಂದ್ರೆ ಅರ್ಜಿ ಯಾವಾಗ ಹಾಕ್ಬೇಕು ಅನ್ನೋದನ್ನ ಅವರು ಇದನ್ನೆಲ್ಲಾ ನೋಡಿ ತೀರ್ಮಾನ ಮಾಡ್ತಾರೆ.

ಈಗ ಪಾಪರ್ ಚೀಟಿ. ನಮ್ಮ ಕಡೆ ಎಲ್ರೂ ಹೀಗೇ ಅಂತಾರೆ, ಆದ್ರೆ ಕಾನೂನಲ್ಲಿ ಪಾಪರ್ ಅಂದ್ರೆ ಕೋರ್ಟ್ ಫೀ ಕಟ್ಟೋ ಶಕ್ತಿ ಇಲ್ಲದೆ ದಾವೆ ಹಾಕೋನು, ಅದಕ್ಕೂ ನಿಮ್ಮ ಸಾಲಕ್ಕೂ ಸಂಬಂಧ ಇಲ್ಲ. ನಿಮಗೆ ಬೇಕಿರೋದು ದಿವಾಳಿ ಅರ್ಜಿ, ವಕೀಲರ ಬಾಯಲ್ಲಿ ಐಪಿ, ಅಂದ್ರೆ ಇನ್ಸಾಲ್ವೆನ್ಸಿ ಪಿಟಿಷನ್. 2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತಲ್ಲ, ಅದರಲ್ಲಿ ವ್ಯಕ್ತಿಗಳಿಗೆ ಅಂತ ಇರೋ ಭಾಗ ಕಂಪನಿ ಸಾಲಕ್ಕೆ ಜಾಮೀನು ನಿಂತೋರಿಗೆ ಮಾತ್ರ 2019ರ ಡಿಸೆಂಬರಿಂದ ಜಾರಿಯಾಗಿದೆ. ನಿಮ್ಮಂಥ ಅಂಗಡಿಯೋರು, ಸಂಬಳದೋರು ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆ ಕೆಳಗೇ ಹೋಗ್ಬೇಕು. ಎಷ್ಟು ಹಳೇದು ಅಂದ್ರೆ 500 ರೂಪಾಯಿ ಸಾಲ ಇದ್ರೂ ಅರ್ಜಿ ಹಾಕಬಹುದು ಅಂತ ಅದರಲ್ಲಿ ಬರೆದಿದೆ! ಅರ್ಜಿ ಹೋಗೋದು ನೀವು ವಾಸ ಮಾಡೋ ಅಥವಾ ವ್ಯಾಪಾರ ಮಾಡೋ ಊರಿನ ಜಿಲ್ಲಾ ಕೋರ್ಟಿಗೆ, ಇಲ್ಲಾಂದ್ರೆ ಆ ಅಧಿಕಾರ ಕೊಟ್ಟಿರೋ ಕೆಳಗಿನ ಸಿವಿಲ್ ಕೋರ್ಟಿಗೆ.

"ಎಲ್ಲಾ ಮುಗಿಯುತ್ತೆ" ಅನ್ನೋದು ಮಾತ್ರ ಸುಳ್ಳು. ಅರ್ಜಿ ಹಾಕಿದ್ರೆ ಸಾಲ ಕೊಟ್ಟೋರಿಗೆಲ್ಲಾ ನೋಟೀಸ್ ಹೋಗುತ್ತೆ, ವಿಚಾರಣೆ ಆಗುತ್ತೆ, ಕೋರ್ಟು ಒಪ್ಪಿದ್ರೆ ನಿಮ್ಮನ್ನ ದಿವಾಳಿ ಅಂತ ಘೋಷಿಸಿ ನಿಮ್ಮ ಆಸ್ತಿನ ರಿಸೀವರ್ ಕೈಗೆ ಕೊಡುತ್ತೆ, ಅವರು ಮಾರಿ ಹಂಚ್ತಾರೆ. ಅಲ್ಲಿಂದ ಮುಂದೆ ಕೋರ್ಟ್ ಪರ್ಮಿಷನ್ ಇಲ್ಲದೆ ಸಾಲ ಕೊಟ್ಟೋರು ಆ ಸಾಲಕ್ಕೆ ನಿಮ್ಮ ಮೇಲೆ ಹೊಸ ದಾವೆ ಹಾಕೋಹಾಗಿಲ್ಲ, ಉಸಿರಾಡೋಕೆ ಜಾಗ ಸಿಗೋದು ಅಲ್ಲೇ. ಆದ್ರೆ ಸಾಲದಿಂದ ಬಿಡುಗಡೆ ಅನ್ನೋದು ಬೇರೆ ಆರ್ಡರ್, ಅದಕ್ಕೆ ಡಿಸ್ಚಾರ್ಜ್ ಅಂತಾರೆ. ಎಷ್ಟು ದಿನದೊಳಗೆ ಕೇಳ್ಬೇಕು ಅಂತ ಘೋಷಣೆ ಮಾಡುವಾಗಲೇ ಕೋರ್ಟು ಅವಧಿ ಹಾಕಿರುತ್ತೆ. ನಾನು ನೋಡಿರೋ ಫೈಲುಗಳಲ್ಲಿ ಜನ ಎಡವೋದು ಇಲ್ಲೇ, ದಿವಾಳಿ ಆರ್ಡರ್ ಸಿಕ್ತು ಅಂತ ಖುಷಿಯಾಗಿ ಮನೆಗೆ ಹೋಗ್ತಾರೆ, ಡಿಸ್ಚಾರ್ಜ್ ಅರ್ಜಿ ಹಾಕೋದೇ ಇಲ್ಲ, ಅವಧಿ ಮುಗಿಯುತ್ತೆ, ಘೋಷಣೆನೇ ರದ್ದಾಗುತ್ತೆ, ಸಾಲ ಕೊಟ್ಟೋರು ಮತ್ತೆ ಬಾಗಿಲಿಗೆ ಬರ್ತಾರೆ. ಆ ತಾರೀಖನ್ನ ಕ್ಯಾಲೆಂಡರಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.

ಡಿಸ್ಚಾರ್ಜ್ ಕೊಡುವಾಗ ಕೋರ್ಟು ಇನ್ನೊಂದು ಲೆಕ್ಕ ನೋಡುತ್ತೆ, ಹಳೇ ಕಾಯ್ದೆ ಆದ್ದರಿಂದ ಅದು ಆಣೆ ಲೆಕ್ಕದಲ್ಲಿದೆ. ಸಾಲದ ಒಂದೊಂದು ರೂಪಾಯಿಗೆ ಎಂಟಾಣೆ, ಅಂದ್ರೆ ಐವತ್ತು ಪೈಸೆಯಷ್ಟಾದ್ರೂ ಆಸ್ತಿ ಇರಬೇಕು. ನಿಮ್ಮ ಸೈಟು 7 ಲಕ್ಷ, ಸಾಲ 23 ಲಕ್ಷ, ಅಂದ್ರೆ ರೂಪಾಯಿಗೆ ಮೂವತ್ತು ಪೈಸೆ ಬರುತ್ತೆ, ಎಂಟಾಣೆ ಆಗಲ್ಲ. ಹಾಗಾಗಿ ಈ ಕೊರತೆ ನನ್ನ ತಪ್ಪಿಂದ ಆಗಿದ್ದಲ್ಲ, ಕೈಮೀರಿ ಆಗಿದ್ದು ಅಂತ ನೀವು ತೋರಿಸ್ಬೇಕು. ವ್ಯಾಪಾರ ಯಾಕೆ ಬಿತ್ತು? ರಸ್ತೆ ಕೆಲಸಕ್ಕೆ ಆರು ತಿಂಗಳು ಗಿರಾಕಿ ಬರ್ಲಿಲ್ವಾ, ಮನೇಲಿ ಯಾರಿಗಾದ್ರೂ ಆಪರೇಷನ್ ಆಯ್ತಾ, ಹೋಲ್‌ಸೇಲ್ ಕೊಟ್ಟ ದುಡ್ಡು ವಾಪಸ್ ಬರ್ಲಿಲ್ವಾ? ಅದಕ್ಕೆ ಆಸ್ಪತ್ರೆ ಬಿಲ್ಲೋ, ಜಿಎಸ್‌ಟಿ ರಿಟರ್ನೋ, ವ್ಯಾಪಾರ ಇಳಿದಿದ್ದು ಕಾಣಿಸೋ ಬ್ಯಾಂಕ್ ಸ್ಟೇಟ್‌ಮೆಂಟೋ ಬೇಕು. ಹಿಂದಿನ ಮೂರು ವರ್ಷದ ಲೆಕ್ಕದ ಪುಸ್ತಕ ಸರಿಯಾಗಿ ಇಟ್ಟಿಲ್ಲ ಅನ್ನೋದೂ ಡಿಸ್ಚಾರ್ಜಿಗೆ ಅಡ್ಡ ಬರುತ್ತೆ, ಜೂಜಿಗೆ, ದುಂದಿಗೆ ಕಳೆದಿದ್ರಂತೂ ಬಂದೇ ಬರುತ್ತೆ. ಅಂಗಡಿಯ ಹಳೇ ಬಿಲ್ ಬುಕ್ಕು, ಸ್ಟಾಕ್ ಬುಕ್ಕು ಒಂದನ್ನೂ ಗುಜರಿಗೆ ಹಾಕಬೇಡಿ.

ವಕೀಲರ ಹತ್ರ ಏನ್ ತಗೊಂಡು ಹೋಗ್ಬೇಕು ಅಂದ್ರಿ. ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ಸಾಲ ಕೊಟ್ಟ ಒಬ್ಬೊಬ್ಬರಿಗೆ ಒಂದೊಂದು ಪುಟ ಕೊಡಿ, ಅವರ ಪೂರ್ತಿ ಹೆಸರು, ವಿಳಾಸ, ಯಾವತ್ತು ಎಷ್ಟು ತಗೊಂಡ್ರಿ, ಅಸಲೆಷ್ಟು ಬಡ್ಡಿಯೆಷ್ಟು ಕಟ್ಟಿದೀರಿ, ಪ್ರೋನೋಟ್ ಬರೆದುಕೊಟ್ರಾ, ಚೆಕ್ ಕೊಟ್ಟಿದ್ರೆ ಅದರ ನಂಬರೇನು, ಜಾಮೀನು ಯಾರು, ಎಲ್ಲಾ ಬರೀರಿ. ಚಿಕ್ಕಪ್ಪನ ಹತ್ರ ತಗೊಂಡ ಹತ್ತು ಸಾವಿರನೂ ಬರೀಬೇಕು, ಮನೆಯೋರು ಅಂತ ಬಿಡಬೇಡಿ. ನಿಮಗೆ ಬರಬೇಕಾದ ಬಾಕಿ ಇದ್ರೆ ಅದಕ್ಕೂ ಪುಟ ಕೊಡಿ, ಅದೂ ಆಸ್ತಿನೇ. ಕ್ರೆಡಿಟ್ ರಿಪೋರ್ಟ್ ವರ್ಷಕ್ಕೊಂದು ಸಲ ಫ್ರೀ ಸಿಗುತ್ತೆ, ತೆಗೆಸಿದ್ರೆ ನೀವು ಮರೆತಿರೋ ಕಾರ್ಡೂ ಕಾಣುತ್ತೆ. ಸೈಟಿನ ಕ್ರಯಪತ್ರ, ಇಸಿ, ಖಾತಾ. ಕೋರ್ಟಿಂದ ಸಮನ್ಸ್ ಬಂದಿದ್ರೆ, ಲಾಯರ್ ನೋಟೀಸ್ ಬಂದಿದ್ರೆ ಕವರ್ ಸಮೇತ. ಅರ್ಜಿಯಲ್ಲಿ ಸಾಲದ ಪಟ್ಟಿ, ಆಸ್ತಿ ಪಟ್ಟಿ, ಹಿಂದೆ ಯಾವಾಗಾದ್ರೂ ದಿವಾಳಿ ಅರ್ಜಿ ಹಾಕಿದ್ರಾ ಅನ್ನೋದು ಎಲ್ಲಾ ಬರೀಲೇಬೇಕು, ಕೆಳಗೆ ಇದು ನಿಜ ಅಂತ ಸಹಿ ಮಾಡೋರು ವಕೀಲರಲ್ಲ, ನೀವು. ಒಂದು ಸಲ ಹಾಕಿದ ಅರ್ಜಿನ ಕೋರ್ಟು ಬಿಡದೆ ವಾಪಸ್ ತಗೊಳ್ಳೋಕೂ ಆಗಲ್ಲ.

ವಕೀಲರನ್ನೂ ಕೇಳಿ. ಐಪಿ ಎಷ್ಟು ನಡೆಸಿದೀರಿ, ನಿಮ್ಮ ಫೀಸಲ್ಲಿ ಡಿಸ್ಚಾರ್ಜ್ ಅರ್ಜಿನೂ ಸೇರಿದೆಯಾ ಅಂತ ಕೇಳಿ, ಫೀಸನ್ನ ಬರವಣಿಗೆಯಲ್ಲಿ ಇಸ್ಕೊಳ್ಳಿ. ಇದು ಅಪರೂಪದ ಕೇಸು, ತುಂಬಾ ವಕೀಲರು ಒಂದನ್ನೂ ನಡೆಸಿರಲ್ಲ, ಕೇಳೋದ್ರಲ್ಲಿ ತಪ್ಪಿಲ್ಲ. ಫೀಸಿಗೆ ದಾರಿ ಇಲ್ಲಾಂದ್ರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಅಥವಾ ಕೋರ್ಟ್ ಆವರಣದಲ್ಲೇ ಇರೋ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ.

ಏನ್ ಉಳಿಯುತ್ತೆ ಅಂತ ಮನೇಲಿ ಹೆದರಿರ್ತಾರೆ, ಅದನ್ನ ಹೇಳ್ತೀನಿ. ಬಟ್ಟೆ, ಪಾತ್ರೆ, ಹಾಸಿಗೆ, ಕಸುಬಿನೋರ ಉಪಕರಣ, ಪಿಎಫ್, ಜೀವ ವಿಮೆ ಹಣ, ಹೆಣ್ಣುಮಕ್ಕಳು ಧರ್ಮದ ಪ್ರಕಾರ ತೆಗೀಬಾರದ ತಾಳಿಯಂಥ ಒಡವೆ, ಇವನ್ನ ಜಪ್ತಿ ಮಾಡೋಹಾಗಿಲ್ಲ. ಹೆಂಡತಿಗೆ ತವರಿಂದ ಬಂದ ಒಡವೆ ಅವರದ್ದೇ, ಬಿಲ್ಲೋ ಮದುವೆ ಫೋಟೋನೋ ಇದ್ರೆ ಎತ್ತಿಡಿ. ಮನೆ ಅಮ್ಮ ಸ್ವಂತ ದುಡ್ಡಲ್ಲಿ ತಗೊಂಡಿದ್ದಾದ್ರೆ ಅದು ನಿಮ್ಮ ಆಸ್ತಿ ಅಲ್ಲ. ಪಿತ್ರಾರ್ಜಿತ ಆದ್ರೆ ನಿಮ್ಮ ಪಾಲಿನ ಪ್ರಶ್ನೆ ಏಳುತ್ತೆ, ಹಳೇ ಪತ್ರಗಳನ್ನ ವಕೀಲರಿಗೆ ತೋರಿಸಿ.

ಜೈಲಿನ ಭಯ. ಬರೀ ಕೈಲಾಗದೆ ಸಾಲ ಉಳಿಸಿಕೊಂಡೋರನ್ನ ಜೈಲಿಗೆ ಹಾಕೋಹಾಗಿಲ್ಲ, ದುಡ್ಡಿದ್ದೂ ಕೊಡದೆ ಮೋಸ ಮಾಡ್ತಿದಾರೆ ಅಂತ ಇದ್ರೆ ಮಾತ್ರ ಅಂತ 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ದಿವಾಳಿ ಘೋಷಣೆ ಆದ್ಮೇಲೆ ಬಂಧನದಿಂದ ರಕ್ಷಣೆ ಕೊಡಿ ಅಂತ ಅದೇ ಕೋರ್ಟಲ್ಲಿ ಕೇಳೋಕೂ ಬರುತ್ತೆ. ಆದ್ರೆ ಆ ಖಾಲಿ ಚೆಕ್ಕುಗಳು ಬೇರೆ ದಾರಿ. ಚೆಕ್ ಬೌನ್ಸ್ ಕ್ರಿಮಿನಲ್ ಕೇಸು, ದಿವಾಳಿ ಅರ್ಜಿ ಅದನ್ನ ನಿಲ್ಲಿಸಲ್ಲ. ನೋಟೀಸ್ ಕೈಗೆ ಬಂದ್ಮೇಲೆ ಚೆಕ್ಕಿನ ದುಡ್ಡು ಕಟ್ಟೋಕೆ 15 ದಿನ ಟೈಮ್ ಇರುತ್ತೆ, ಪೋಸ್ಟ್‌ಮ್ಯಾನ್ ಬಂದಾಗ ಬಾಗಿಲು ಹಾಕ್ಕೊಳ್ಳದೆ ಅವತ್ತೇ ವಕೀಲರಿಗೆ ಕೊಡಿ.

ನನ್ನ ಅಭಿಪ್ರಾಯ ಕೇಳಿದ್ರೆ, ಅರ್ಜಿಗೆ ಮುಂಚೆ ಇನ್ನೊಂದು ಪ್ರಯತ್ನ ಮಾಡಿ. ಸೈಟನ್ನ ಸರಿಯಾದ ಬೆಲೆಗೆ ಹೊರಗಿನೋರಿಗೆ ಮಾರಿದ್ರೆ ಎಷ್ಟು ಬರುತ್ತೆ ನೋಡಿ, ಅದನ್ನ ಮುಂದಿಟ್ಕೊಂಡು ಬ್ಯಾಂಕಿಗೆ ಓಟಿಎಸ್ (ಒಂದೇ ಸಲ ಇಷ್ಟು ಕಟ್ಟಿ ಸಾಲ ಮುಗಿಸೋ ಒಪ್ಪಂದ) ಅರ್ಜಿ ಕೊಡಿ, ಕೈಸಾಲದೋರನ್ನ ಲೋಕ್ ಅದಾಲತ್ತಿಗೆ ಕರೀರಿ. ಯಾರಿಗೆ ಎಷ್ಟು ಅನ್ನೋದನ್ನ ವಕೀಲರನ್ನ ಕೂರಿಸ್ಕೊಂಡೇ ಹಂಚಿ, ಇಲ್ಲಾಂದ್ರೆ ಮತ್ತೆ ಮಾವನವರ ಕಥೆನೇ ಆಗುತ್ತೆ. ಅಲ್ಲಿಯೂ ಆಗಲಿಲ್ಲ ಅಂದ್ರೆ ಅರ್ಜಿ ಹಾಕಿ, ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಬ್ಯಾಂಕಿನ ವಸೂಲಿಯೋರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡೋಹಾಗಿಲ್ಲ ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಖಾಸಗಿ ಬಡ್ಡಿ ವ್ಯವಹಾರದೋರು ಮನೆ ಮುಂದೆ ಕೂತು ಕಿರುಕುಳ ಕೊಟ್ರೆ 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ತಂದ ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಕಾನೂನಿದೆ, ಪೊಲೀಸ್ ಸ್ಟೇಷನ್ನಲ್ಲಿ ಅದರ ಹೆಸರು ಹೇಳಿ ದೂರು ಕೊಡಿ. ನಿದ್ದೆ ಬರಲ್ಲ ಅಂತ ಬರೆದಿದೀರಲ್ಲ, ಅದನ್ನ ಓದಿ ನಂಗೆ ಸಮಾಧಾನ ಇಲ್ಲ. 14416 ಟೆಲಿಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ ಇದೆ, ಕನ್ನಡದಲ್ಲೇ ಮಾತಾಡ್ತಾರೆ, ಇವತ್ತೇ ಮಾಡಿ. ಮನೆಯವರ ಹತ್ರ ಆ ನೋಟ್‌ಬುಕ್ಕನ್ನೂ ತೋರಿಸಿ, ಒಬ್ರೇ ಹೊರಬೇಡಿ.

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಟೀಚರ್. ಸಹೋದ್ಯೋಗಿಯ ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಈಗ ದಿವಾಳಿ ಅರ್ಜಿ ಹಾಕ್ತಿದಾರಂತೆ. ನನ್ನ ಜಾಮೀನೂ ಬಿಡುಗಡೆ ಆಗುತ್ತಾ?

ಉತ್ತರ: ಇಲ್ಲಮ್ಮ. ಅವರಿಗೆ ಡಿಸ್ಚಾರ್ಜ್ ಸಿಕ್ರೂ ಜಾಮೀನುದಾರರಿಗೆ ಬಿಡುಗಡೆ ಇಲ್ಲ ಅಂತ ಕಾಯ್ದೆಯಲ್ಲೇ ಇದೆ, ಸೊಸೈಟಿ ನಿಮ್ಮನ್ನ ಕೇಳೇ ಕೇಳುತ್ತೆ. ನೀವು ಕಟ್ಟಿದ್ದನ್ನ ಅವರ ದಿವಾಳಿ ಕೇಸಲ್ಲಿ ಸಾಲದ ಕ್ಲೇಮಾಗಿ ಹಾಕಬಹುದು, ಅದಕ್ಕೆ ಕಟ್ಟಿದ ಪ್ರತಿಯೊಂದು ರಸೀದಿನೂ ಇಟ್ಕೊಳ್ಳಿ, ಅರ್ಜಿ ನಂಬರ್ ಕೇಳಿ ತಿಳ್ಕೊಳ್ಳಿ. ಸೊಸೈಟಿ ಜೊತೆ ಈಗಲೇ ಕಂತಿನ ಮಾತಾಡಿದ್ರೆ ಸಂಬಳದ ಮೇಲೆ ಜಪ್ತಿ ಬರೋದು ತಪ್ಪಬಹುದು. ಇನ್ನೊಂದು ವಿಷಯ, ಹಣದ ಡಿಕ್ರಿಗೆ ಹೆಣ್ಣುಮಕ್ಕಳನ್ನ ಬಂಧಿಸೋಹಾಗಿಲ್ಲ, ಯಾರಾದ್ರೂ ಹಾಗೆ ಹೆದರಿಸಿದ್ರೆ ನಂಬಬೇಡಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತೆ, ಟೀಚರ್ ಸಂಬಳ ಇದೆ ಅಂತ ಹಿಂಜರೀಬೇಡಿ.

ಪ್ರಶ್ನೆ: ನ್ಯೂಜೆರ್ಸಿಯಿಂದ ಬರೀತಿದೀನಿ. ಕೆಲಸ ಹೋಗಿ ಕ್ರೆಡಿಟ್ ಕಾರ್ಡ್ ಸಾಲ ಏರಿದೆ, ಇಲ್ಲಿ ಚಾಪ್ಟರ್ 7 (ಆಸ್ತಿ ಮಾರಿ ಹಂಚಿ ಸಾಲ ಮುಗಿಸೋ ಅಮೆರಿಕದ ದಿವಾಳಿ ಅರ್ಜಿ) ಹಾಕೋಣ ಅಂತ ವಕೀಲರನ್ನ ನೋಡ್ತಿದೀನಿ. ಮೈಸೂರಲ್ಲಿ ಅಪ್ಪ ನನ್ನ ಹೆಸರಲ್ಲಿ ತಗೊಂಡಿರೋ ಸೈಟ್ ಇದೆ. ಅದು ಇಂಡಿಯಾದಲ್ಲಿರೋದ್ರಿಂದ ಹೇಳ್ಬೇಕಾ? ಆರು ತಿಂಗಳ ಹಿಂದೆ ಅಣ್ಣನಿಂದ ತಗೊಂಡಿದ್ದ ಸಾಲ ತೀರಿಸೋಕೆ 6,000 ಡಾಲರ್ ಕಳಿಸಿದ್ದೆ.

ಉತ್ತರ: ಹೇಳ್ಲೇಬೇಕು. ಅಮೆರಿಕದ ಕಾನೂನಿನ ಪ್ರಕಾರ ಆಸ್ತಿ ಪ್ರಪಂಚದ ಯಾವ ಮೂಲೆಯಲ್ಲಿದ್ರೂ ಲೆಕ್ಕಕ್ಕೆ ಬರುತ್ತೆ. ಅರ್ಜಿ ಹಾಕಿದ್ಮೇಲೆ ಟ್ರಸ್ಟಿ (ನಮ್ಮಲ್ಲಿಯ ರಿಸೀವರ್ ತರ ಆಸ್ತಿ ನೋಡ್ಕೊಳ್ಳೋರು) ಮುಂದೆ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳ್ತಾರೆ, ಅಲ್ಲಿ ಬೇಕಂತಲೇ ಸುಳ್ಳು ಹೇಳಿದ್ರೆ ಐದು ವರ್ಷದವರೆಗೆ ಜೈಲಾಗಬಹುದು. ಅಣ್ಣನಿಗೆ ಕಳಿಸಿದ ದುಡ್ಡೂ ಬರೀಬೇಕು, ಸಂಬಂಧಿಕರಿಂದ ತಗೊಂಡ ಸಾಲ ತೀರಿಸಿದ್ದಾದ್ರೆ ಹಿಂದಿನ ಒಂದು ವರ್ಷದ್ದನ್ನ ಟ್ರಸ್ಟಿ ಪ್ರಶ್ನೆ ಮಾಡಬಹುದು, ದಾವಣಗೆರೆಯವರ ಮಾವನ ವಿಷಯ ಓದಿದ್ರಲ್ಲ, ಅದೇ ತರ, ಅವಧಿ ಮಾತ್ರ ಉದ್ದ.

ಸೈಟು ಉಳಿಸ್ಕೊಳ್ಬೇಕು ಅಂತಿದ್ರೆ ಚಾಪ್ಟರ್ 13 ಬಗ್ಗೆ ನಿಮ್ಮ ವಕೀಲರನ್ನ ಕೇಳಿ. ಅದರಲ್ಲಿ ಮೂರರಿಂದ ಐದು ವರ್ಷ ಕಂತು ಕಟ್ತೀರಿ, ಆಸ್ತಿ ನಿಮ್ಮ ಹತ್ರನೇ ಇರುತ್ತೆ, ಆದ್ರೆ ಚಾಪ್ಟರ್ 7ರಲ್ಲಿ ಸಾಲ ಕೊಟ್ಟೋರಿಗೆ ಎಷ್ಟು ಸಿಗ್ತಿತ್ತೋ ಅಷ್ಟಾದ್ರೂ ಅವರಿಗೆ ಹೋಗ್ಬೇಕು, ಜೊತೆಗೆ ಕಟ್ಟೋಕೆ ನಿಮಗೆ ನಿಯಮಿತ ಆದಾಯ ಬೇಕು. 401ಕೆ (ಅಲ್ಲಿನ ನಿವೃತ್ತಿ ಉಳಿತಾಯ ಖಾತೆ) ಒಡೆದು ಕಾರ್ಡ್ ಕಟ್ಟೋಕೆ ಹೋಗ್ಬೇಡಿ, ಆ ಹಣ ಸಾಮಾನ್ಯವಾಗಿ ಸಾಲ ಕೊಟ್ಟೋರ ಕೈಗೆ ಸಿಗಲ್ಲ, ನೀವೇ ತೆಗೆದು ಯಾಕೆ ಕೊಡ್ತೀರಿ. ಅರ್ಜಿಗೆ ಮುಂಚಿನ 180 ದಿನದೊಳಗೆ ಮಾನ್ಯತೆ ಇರೋ ಸಂಸ್ಥೆಯಿಂದ ಕ್ರೆಡಿಟ್ ಕೌನ್ಸೆಲಿಂಗ್ ಮಾಡಿಸಿರ್ಬೇಕು, ಹಿಂದಿನ 60 ದಿನದ ಪೇ ಸ್ಲಿಪ್ ಇದ್ರೆ ಅದು, ಹೊಸ ಟ್ಯಾಕ್ಸ್ ರಿಟರ್ನ್ ರೆಡಿ ಇಡಿ.

ಅಪ್ಪನಿಗೆ ಇವತ್ತೇ ಫೋನ್ ಮಾಡಿ ಕ್ರಯಪತ್ರ, ಖಾತಾ, ಇಸಿ ಸ್ಕ್ಯಾನ್ ಮಾಡಿಸಿ ತರಿಸ್ಕೊಳ್ಳಿ, ಮೈಸೂರಲ್ಲೇ ಒಬ್ಬ ವ್ಯಾಲ್ಯುವರ್ ಹತ್ರ ಈಗಿನ ಬೆಲೆ ಬರೆಸಿ. ಸೈಟಿಗೆ ದುಡ್ಡು ಕೊಟ್ಟಿದ್ದು ಅಪ್ಪನೇ ಅಂತಾದ್ರೆ ಅವರ ಆ ಕಾಲದ ಬ್ಯಾಂಕ್ ಪಾಸ್‌ಬುಕ್ಕಿನ ಪುಟನೂ ಬೇಕಾಗುತ್ತೆ, ಹುಡುಕೋಕೆ ಅವರಿಗೆ ಒಂದೆರಡು ವಾರ ಟೈಮ್ ಕೊಡಿ, ಆಮೇಲೆ ವಕೀಲರ ಅಪಾಯಿಂಟ್‌ಮೆಂಟ್ ತಗೊಳ್ಳಿ.