ಕಂಡೆನ್ಸರ್ ಕೊಳ್ಳುವ ಮೊದಲು ಮೋಟಾರಿನ ಪ್ಲೇಟ್ ಓದಿ

ಪ್ರಶ್ನೆ: ಗುಜರಿಯಲ್ಲಿ 3 ಎಚ್‌ಪಿ ತ್ರೀ ಫೇಸ್ ಮೋಟಾರ್ ಕಡಿಮೆ ಬೆಲೆಗೆ ಸಿಕ್ಕಿತು. ಚಾಫ್ ಕಟರ್‌ಗೆ ಕೂರಿಸಿದ್ದೇನೆ. ಮನೆಯಲ್ಲಿರುವುದು ಸಿಂಗಲ್ ಫೇಸ್. ಅಂಗಡಿಯವರು ಕಂಡೆನ್ಸರ್ ಹಾಕಿಕೊಟ್ಟರು. ಖಾಲಿ ಇದ್ದಾಗ ತಿರುಗುತ್ತದೆ. ಜೋಳದ ದಂಟು ಕೊಟ್ಟ ಕೂಡಲೇ ಗುಂಯ್ ಎಂದು ನಿಂತುಬಿಡುತ್ತದೆ. ಇನ್ನೂ ದೊಡ್ಡ ಕಂಡೆನ್ಸರ್ ಹಾಕಬೇಕಾ ಸಾರ್?

ಉತ್ತರ: ಬೇಡ. ಮೊದಲು ಸ್ವಿಚ್ ಆಫ್ ಮಾಡಿ. ನಿಂತ ಮೋಟಾರಿಗೆ ಕರೆಂಟ್ ಹರಿಯುತ್ತಿರುವಾಗ ಸಿಕ್ಕಿಕೊಂಡ ದಂಟನ್ನು ಕೈಯಿಂದ ಎಳೆಯಲು ಹೋಗಬೇಡಿ. ದಂಟು ಸಡಿಲವಾದ ಕ್ಷಣಕ್ಕೆ ಬ್ಲೇಡ್ ತಿರುಗಬಹುದು.

ಇದೇ ಪ್ರಶ್ನೆ ಹಿಟ್ಟಿನ ಗಿರಣಿಯವರಿಂದ, ಲೇತ್ ಇಟ್ಟವರಿಂದ ಬರುತ್ತಲೇ ಇದೆ. ಎಲ್ಲರೂ ಎಷ್ಟು ಮೈಕ್ರೋಫ್ಯಾರಡ್ (ಕಂಡೆನ್ಸರ್ ಅಳೆಯುವ ಲೆಕ್ಕ) ಹಾಕಬೇಕು ಅಂತಲೇ ಕೇಳುತ್ತಾರೆ. ಮೋಟಾರಿನ ಮೇಲೆ ಎಷ್ಟು ವೋಲ್ಟ್ ಬರೆದಿದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಇದು ನನಗೆ ನಿಜಕ್ಕೂ ಬೇಜಾರು ತರಿಸುತ್ತದೆ, ಏಕೆಂದರೆ ದುಡ್ಡು ಕಳೆದುಕೊಳ್ಳುವವರು ನೀವು.

ಮೋಟಾರಿನ ಪ್ಲೇಟ್ ಒರೆಸಿ ನೋಡಿ. ನಮ್ಮಲ್ಲಿ 3 ಎಚ್‌ಪಿ ಮತ್ತು ಅದಕ್ಕಿಂತ ದೊಡ್ಡ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟ್, ಡೆಲ್ಟಾ, ಅಂದರೆ ಒಳಗಿನ ಮೂರು ವೈಂಡಿಂಗ್ (ತಂತಿ ಸುರುಳಿ) ತುದಿಗೆ ತುದಿ ತ್ರಿಕೋನದಂತೆ ಸೇರಿರುತ್ತವೆ. ಒಂದೊಂದು ವೈಂಡಿಂಗ್‌ಗೂ 415 ಬೇಕು. ನಿಮ್ಮ ಮನೆಗೆ ಬರುವುದು ಸುಮಾರು 240. ಮೂರನೇ ತುದಿಗೆ ಹೋಗುವ ಕರೆಂಟಿನ ಹೊತ್ತನ್ನು ಬದಲಿಸಿ ಮೋಟಾರನ್ನು ತಿರುಗಿಸುವುದಷ್ಟೇ ಕಂಡೆನ್ಸರ್ ಕೆಲಸ. 240 ಅನ್ನು 415 ಮಾಡಲು ಅದರಿಂದ ಆಗುವುದಿಲ್ಲ. ಟಾರ್ಕ್, ಅಂದರೆ ತಿರುಗಿಸುವ ಬಲ, ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಬೀಳುತ್ತದೆ. ಹಾಗಾಗಿ ತ್ರೀ ಫೇಸೇ ಇದ್ದರೂ 240ರಲ್ಲಿ ಈ ಮೋಟಾರಿಗೆ ಉಳಿಯುವುದು ಮೂರರಲ್ಲಿ ಒಂದು ಪಾಲು ಟಾರ್ಕ್. ಸಿಂಗಲ್ ಫೇಸಿನಲ್ಲಿ ಅದಕ್ಕಿಂತಲೂ ಕಡಿಮೆ. ದಂಟು ಕತ್ತರಿಸುವುದು ಹೇಗೆ?

2 ಎಚ್‌ಪಿ ಅಥವಾ ಚಿಕ್ಕದಾಗಿದ್ದರೆ ಮಾತು ಬೇರೆ. ಅವು ಹೆಚ್ಚಾಗಿ 415 ವೋಲ್ಟ್ ಸ್ಟಾರ್, ಅಂದರೆ ಮೂರೂ ವೈಂಡಿಂಗಿನ ಒಂದೊಂದು ತುದಿ ಒಂದೇ ಕಡೆ ಕೂಡಿರುತ್ತದೆ. ಸ್ಟಾರ್‌ನಲ್ಲಿ ಒಂದೊಂದು ವೈಂಡಿಂಗ್‌ಗೆ ಬೀಳುವುದೇ 240. ಟರ್ಮಿನಲ್ ಬಾಕ್ಸ್ ಮುಚ್ಚಳ ತೆಗೆದರೆ ಎರಡು ಸಾಲಿನಲ್ಲಿ ಆರು ಬೋಲ್ಟ್ ಕಾಣುತ್ತವೆ. ಒಂದು ಸಾಲಿನ ಮೂರನ್ನೂ ಹಿತ್ತಾಳೆ ಪಟ್ಟಿ ಅಡ್ಡಕ್ಕೆ ಸೇರಿಸಿದ್ದರೆ ಅದು ಸ್ಟಾರ್. ಆ ಪಟ್ಟಿ ತೆಗೆದು, ಮೇಲಿನ ಬೋಲ್ಟಿಗೂ ಕೆಳಗಿನದಕ್ಕೂ ಒಂದೊಂದರಂತೆ ಮೂರು ಪಟ್ಟಿ ಹಾಕಿದರೆ ಡೆಲ್ಟಾ, 240ಕ್ಕೆ ಸಿದ್ಧ. ಮೂರೇ ವೈರ್ ಹೊರಗೆ ಬಂದಿದ್ದರೆ ರಿವೈಂಡಿಂಗ್ ಅಂಗಡಿಯಲ್ಲಿ ಒಳಗಿನ ಗಂಟು ಬಿಚ್ಚಿಸಬೇಕು.

ಆಗಲೂ ನಾನು ಕಂಡೆನ್ಸರ್ ಹೇಳುವುದಿಲ್ಲ. ಕಿಲೋವ್ಯಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಎಂಬ ಲೆಕ್ಕ ಇದೆ, ನಿಜ. ಆದರೆ ಅದು ಒಂದೇ ಲೋಡಿಗೆ ಹೊಂದುತ್ತದೆ. ಚಾಫ್ ಕಟರ್ ಲೋಡು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಲೋಡು ಇಳಿದಾಗ ಅದೇ ಕಂಡೆನ್ಸರ್ ಜಾಸ್ತಿಯಾಗಿ, ಖಾಲಿ ಓಡುವಾಗಲೂ ವೈಂಡಿಂಗ್ ಬಿಸಿಯಾಗುತ್ತದೆ. ಸಿಂಗಲ್ ಫೇಸ್ ತೆಗೆದುಕೊಂಡು 240 ವೋಲ್ಟಿನ ತ್ರೀ ಫೇಸ್ ಕೊಡುವ ವಿಎಫ್‌ಡಿ (ಎಲೆಕ್ಟ್ರಾನಿಕ್ ಡ್ರೈವ್) ಹಾಕಿ. ಮೋಟಾರನ್ನು ನೇರ ವಿಎಫ್‌ಡಿಗೆ ಜೋಡಿಸಿ, ನಡುವೆ ಸ್ವಿಚ್ ಇಡಬೇಡಿ. ಮನೆಯ ಪ್ಲಗ್ಗಿಗೆ ಚುಚ್ಚದೆ ಪ್ರತ್ಯೇಕ ಲೈನ್, ಪ್ರತ್ಯೇಕ ಎಂಸಿಬಿ ಹಾಕಿಸಿ.

ನಿಮ್ಮ 3 ಎಚ್‌ಪಿಯನ್ನು 240ಕ್ಕೆ ರಿವೈಂಡ್ ಮಾಡಿಸಿ ವಿಎಫ್‌ಡಿ ಕೊಡಬಹುದು. ಆದರೆ ಎರಡೂ ಖರ್ಚು ಸೇರಿದರೆ ಗುಜರಿಯಲ್ಲಿ ಉಳಿಸಿದ ದುಡ್ಡು ನಿಲ್ಲುವುದಿಲ್ಲ. ನನ್ನ ಮಾತು ಕೇಳುವುದಾದರೆ ಅದನ್ನು ಮಾರಿಬಿಡಿ. ಚಾಫ್ ಕಟರ್‌ಗೆಂದೇ ಸಿಂಗಲ್ ಫೇಸ್ ಮೋಟಾರ್ ಸಿಗುತ್ತದೆ, ಅದನ್ನೇ ತನ್ನಿ.

ಪ್ರಶ್ನೆ: ಹಳೆಯ ಫ್ಯಾನ್ ಕಂಡೆನ್ಸರ್‌ಗಳನ್ನು ಒಟ್ಟು ಸೇರಿಸಿ ಹಾಕಬಹುದಾ?

ಉತ್ತರ: 3 ಎಚ್‌ಪಿ, ಅಂದರೆ 2.2 ಕಿಲೋವ್ಯಾಟ್ ಮೋಟಾರಿಗೆ 2.5 ಮೈಕ್ರೋಫ್ಯಾರಡ್‌ನವು ಅರವತ್ತಕ್ಕೂ ಹೆಚ್ಚು ಬೇಕು. ಬಿಟ್ಟುಬಿಡಿ.

ಪ್ರಶ್ನೆ: ತ್ರೀ ಫೇಸ್ ಇಲ್ಲದ ಹೊತ್ತಲ್ಲಿ ಎರಡು ಫೇಸಿಗೆ ಕಂಡೆನ್ಸರ್ ಹಾಕಿ, ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಾಧನ) ತೆಗೆದು ಬೋರ್ ಓಡಿಸುತ್ತೇವೆ. ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ತಪ್ಪಾ?

ಉತ್ತರ: ತಪ್ಪು. ಅಲ್ಲಿ 415 ವೋಲ್ಟ್ ಸಿಗುವುದರಿಂದ ನೀರೇನೋ ಬರುತ್ತದೆ, ಆದರೆ ಮೂರು ವೈಂಡಿಂಗ್‌ಗೂ ಕರೆಂಟ್ ಸಮವಾಗಿ ಹೋಗುವುದಿಲ್ಲ. ಆ ಕಂಡೆನ್ಸರ್ ಕೈಕೊಟ್ಟ ದಿನ ಮೋಟಾರಿಗೆ ಮೂರನೇ ಫೇಸ್ ಇಲ್ಲವೇ ಇಲ್ಲ, ತಡೆಯಬೇಕಿದ್ದ ಪ್ರಿವೆಂಟರನ್ನೂ ನೀವೇ ತೆಗೆದಿದ್ದೀರಿ. ಹಾಗೆ ಓಡಿ ಸುಟ್ಟ ಸ್ಟಾರ್ ಮೋಟಾರ್ ಬಿಚ್ಚಿದರೆ ಎರಡು ಫೇಸಿನ ಸುರುಳಿಗಳು ಇದ್ದಿಲಿನಂತೆ ಕಪ್ಪಾಗಿರುತ್ತವೆ, ಮೂರನೆಯದು ಹೊಸದರಂತೆ ಕೆಂಪಗಿರುತ್ತದೆ. ನೂರಾರು ಅಡಿ ಆಳದಿಂದ ಎತ್ತಿಸುವ ಕೂಲಿ ಬೇರೆ. ಪ್ರಿವೆಂಟರ್ ವಾಪಸ್ ಹಾಕಿಸಿ.

ಪ್ರಶ್ನೆ: ಮೂರನೇ ಫೇಸಿನ ಬದಲು ಬೋರ್ ಕೇಸಿಂಗ್ ಪೈಪಿಗೆ ವೈರ್ ಕೊಟ್ಟರೆ ಮೋಟಾರ್ ಓಡುತ್ತದೆ ಎಂದು ಮೆಕ್ಯಾನಿಕ್ ಹೇಳಿದರು. ಕೊಟ್ಟಿದ್ದೇವೆ.

ಉತ್ತರ: ಆ ಪೈಪಿನಲ್ಲೂ ಸುತ್ತಲಿನ ಒದ್ದೆ ನೆಲದಲ್ಲೂ ಕರೆಂಟ್ ಹರಿಯುತ್ತದೆ. ನೀರು ಕುಡಿಯಲು ಬಂದ ಹಸು ಸಾಯಬಹುದು, ವಾಲ್ವ್ ತಿರುಗಿಸಲು ಹೋದ ಮಗು ಸಾಯಬಹುದು. ಇದನ್ನು ಹೇಳಿಕೊಟ್ಟವರು ಮೆಕ್ಯಾನಿಕ್ ಅಲ್ಲ. ಈಗಲೇ ಹೋಗಿ ಮೇನ್ ಆಫ್ ಮಾಡಿ, ಆ ವೈರ್ ಬಿಚ್ಚಿ.