ಜಿಮ್‌ಗೆ ಹೋದ್ರೆ ಹಾರ್ಟ್ ಅಟ್ಯಾಕ್ ಆಗತ್ತಾ? ಓದುಗರ ಪ್ರಶ್ನೆಗೆ ವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನನಗೆ 38 ವರ್ಷ. ಹಾಸನದಲ್ಲಿ ಬ್ಯಾಂಕ್ ಕೆಲಸ. ದಿನಾ ಜಿಮ್‌ಗೆ ಹೋಗುತ್ತಿದ್ದೆ. 2025ರಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದರ ಹಿಂದೆ ಒಂದು ಹಾರ್ಟ್ ಅಟ್ಯಾಕ್ ಸುದ್ದಿ ಬಂದಿದ್ದೇ ತಡ, ಮನೆಯವರು ಹೆದರಿ ಜಿಮ್ ಬಿಡಿಸಿದರು. ಮತ್ತೆ ಶುರು ಮಾಡಬಹುದಾ?

ಉತ್ತರ: ಶುರು ಮಾಡಿ. ಆದರೆ ಅಂದು ಎಲ್ಲಿಗೆ ಬಿಟ್ಟಿದ್ದಿರೋ ಅಲ್ಲಿಂದಲೇ ಶುರು ಮಾಡಬೇಡಿ.

ಮನೆಯವರ ಭಯ ನನಗೆ ಅರ್ಥವಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಇಡೀ ರಾಜ್ಯವೇ ಬೆಚ್ಚಿಬಿದ್ದಿತ್ತು. 46 ವರ್ಷ, ಮೈಕೈ ಗಟ್ಟಿಯಾಗಿ ಇಟ್ಟುಕೊಂಡಿದ್ದ ಮನುಷ್ಯ. ಆಗ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದರು. ಹಾಸನದ ಸುದ್ದಿ ಬಂದಾಗ ಮೈಸೂರಿನ ಜಯದೇವದಲ್ಲೂ ಅದೇ ಸಾಲು. ತಪಾಸಣೆ ಮಾಡಿಸಿಕೊಂಡಿದ್ದು ಒಳ್ಳೆಯದೇ. ಆದರೆ ರಿಪೋರ್ಟ್ ನಾರ್ಮಲ್ ಅಂತ ಬಂದ ಮೇಲೂ ಎಷ್ಟೋ ಜನ ವಾಕಿಂಗ್ ಶೂ ಎತ್ತಿ ಅಟ್ಟಕ್ಕೆ ಹಾಕಿದರಲ್ಲ, ಅದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಕೂತು ಕೆಲಸ ಮಾಡುವವರ ಹೃದಯಕ್ಕೆ ಏನಾಗುತ್ತದೆ ಅನ್ನುವುದು ಮೊದಲು ಸ್ಪಷ್ಟವಾಗಿ ಕಂಡಿದ್ದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ. ಜೆರ್ರಿ ಮಾರಿಸ್ ಅನ್ನುವ ವೈದ್ಯರು ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿ ನೋಡಿ 1953ರಲ್ಲಿ ಅದನ್ನು ಪ್ರಕಟಿಸಿದರು. ಇಬ್ಬರದೂ ಒಂದೇ ಬಸ್ಸು, ಒಂದೇ ಊರು, ಹೆಚ್ಚುಕಡಿಮೆ ಒಂದೇ ಥರದ ಸಂಸಾರ. ಆದರೆ ಡ್ರೈವರ್ ಇಡೀ ಪಾಳಿ ಕೂತಿರುತ್ತಾನೆ, ಕಂಡಕ್ಟರ್ ಟಿಕೆಟ್ ಕೊಡುತ್ತಾ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಹೃದಯಾಘಾತ ಕಂಡಕ್ಟರ್‌ಗಳಲ್ಲಿ ಕಡಿಮೆ ಇತ್ತು, ಬಂದರೂ ತಡವಾಗಿ ಬರುತ್ತಿತ್ತು, ಸಾವೂ ಕಡಿಮೆ. ಆಮೇಲೆ ಮಾರಿಸ್ ಸಮವಸ್ತ್ರದ ಲೆಕ್ಕದಿಂದ ಅವರ ಪ್ಯಾಂಟಿನ ಸೊಂಟದ ಅಳತೆಯನ್ನೂ ತೆಗೆಸಿ ನೋಡಿದರು. ಡ್ರೈವರ್‌ಗಳ ಸೊಂಟ ದಪ್ಪ, ಸರಿ. ಆದರೆ ತೆಳ್ಳಗಿರುವ ಡ್ರೈವರ್‌ಗೂ ಅಪಾಯ ಜಾಸ್ತಿಯೇ ಇತ್ತು. ಬ್ಯಾಂಕಿನ ಕುರ್ಚಿಯಲ್ಲಿ ಕೂರುವ ನೀವು ಇದನ್ನು ಗಮನಿಸಬೇಕು.

ಹಾಗಾದರೆ ಜಿಮ್‌ನಲ್ಲಿ ಕುಸಿದು ಬಿದ್ದ ಸುದ್ದಿಗಳೆಲ್ಲ ಸುಳ್ಳಾ? ಅಲ್ಲ. 1993ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೃದಯಾಘಾತವಾಗಿ ಬದುಕುಳಿದ 1,200ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದ್ದರು. ಜೋರಾಗಿ ಶ್ರಮಪಟ್ಟ ಮೇಲಿನ ಒಂದು ಗಂಟೆಯಲ್ಲಿ ಅಪಾಯ ಏರುವುದು ನಿಜ. ಆದರೆ ವಾರಕ್ಕೆ 5 ಸಲ ಅಥವಾ ಹೆಚ್ಚು ವ್ಯಾಯಾಮ ಮಾಡುವವರಲ್ಲಿ ಅದು ಏರಿದ್ದು 2.4 ಪಟ್ಟು. ಏನೂ ಮಾಡದೆ ಇದ್ದು ಒಮ್ಮೆಗೇ ಮೈಮುರಿದವರಲ್ಲಿ 107 ಪಟ್ಟು! ಆರು ತಿಂಗಳು ಸೋಫಾದ ಮೇಲೆ ಕೂತು, ಒಂದು ಭಾನುವಾರ ಎದ್ದು ಗೆಳೆಯರ ಜೊತೆ ಪಂತ ಕಟ್ಟಿ ಶಟಲ್ ಆಡಲು ಹೋಗುವವರ ಬಗ್ಗೆಯೇ ನನಗೆ ಜಾಸ್ತಿ ಚಿಂತೆ.

ನೀವು ಮೊದಲು ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿದ್ದರೆ ಅದನ್ನು ವೈದ್ಯರಿಗೆ ಹೇಳಿ. ಮೊದಲ ಎರಡು ಮೂರು ವಾರ ಬರೀ ನಡಿಗೆ: ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಆಮೇಲೆ ಸ್ವಲ್ಪ ಸ್ವಲ್ಪ ಭಾರ ಎತ್ತಿ. ಜ್ವರ ಇದ್ದಾಗ ಜಿಮ್ ಬೇಡ. ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿ, ಇಂಜೆಕ್ಷನ್ ಮುಟ್ಟಲೇಬೇಡಿ. ಎದೆ ಬಿಗಿದು, ಎಡಗೈಗೋ ದವಡೆಗೋ ನೋವು ಹರಡಿ, ತಣ್ಣನೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ, ದಯವಿಟ್ಟು. ತಕ್ಷಣ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಬೆಳಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಮನೆಕೆಲಸ ಮಾಡುತ್ತೇನೆ. ಆದರೂ ಶುಗರ್ ಬಾರ್ಡರ್‌ನಲ್ಲಿದೆ, ವಾಕಿಂಗ್ ಮಾಡಿ ಅಂತಾರೆ ಡಾಕ್ಟರ್. ನಾನು ಮಾಡುತ್ತಿರುವುದು ವ್ಯಾಯಾಮ ಅಲ್ವಾ? – ಗೃಹಿಣಿ, ತಿಪಟೂರು

ಉತ್ತರ: ಮನೆಕೆಲಸವೂ ಲೆಕ್ಕಕ್ಕೆ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅವರ 2020ರ ಸಲಹೆ ಪ್ರಕಾರ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಉಸಿರಿನ ವೇಗ ಹೆಚ್ಚಿಸುವಂಥ ಚಟುವಟಿಕೆ ಬೇಕು. ನೀರಿನ ಕೊಡ ಹೊರುವುದು, ಬಗ್ಗಿ ನೆಲ ಒರೆಸುವುದು, ಬಟ್ಟೆ ಒಗೆಯುವುದು ಅದರೊಳಗೆ ಸೇರುತ್ತವೆ. ಒಲೆ ಮುಂದೆ ನಿಂತಿರುವುದು, ತರಕಾರಿ ಹೆಚ್ಚುವುದು ಸುಸ್ತು ಮಾಡುತ್ತವೆ ನಿಜ, ಆದರೆ ಹೃದಯಕ್ಕೆ ಕೆಲಸ ಕೊಡುವುದಿಲ್ಲ.

ಶುಗರ್ ಬಾರ್ಡರ್‌ನಲ್ಲಿದ್ದಾಗ ನಡಿಗೆಗೆ ನಿಜಕ್ಕೂ ಬೆಲೆ ಇದೆ. ಚೆನ್ನೈನ ವೈದ್ಯರು ನಿಮ್ಮಂಥವರನ್ನೇ ಸೇರಿಸಿಕೊಂಡು ಮಾಡಿದ ಅಧ್ಯಯನ 2006ರಲ್ಲಿ ಬಂತು. ಊಟ ತಿದ್ದಿಕೊಂಡು ದಿನಾ ನಡೆದ ಗುಂಪಿನಲ್ಲಿ ಮಧುಮೇಹ ಬರುವ ಅಪಾಯ 28.5% ಕಡಿಮೆಯಾಯಿತು. ರಾತ್ರಿ ಊಟದ ಮೇಲೆ 15 ನಿಮಿಷ ನಡೆಯಿರಿ. ಜೊತೆಗೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ತೊಡೆಗೆ ಬಲ ಬರುತ್ತದೆ.

ಒಂದು ಮಾತು ನಿಮ್ಮ ಮನೆಯವರಿಗೆ. 2022ರ ಅಂಕಿಅಂಶದ ಪ್ರಕಾರ ಭಾರತದಲ್ಲಿ ಸುಮಾರು 57% ಹೆಂಗಸರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಸಿಗುತ್ತಿಲ್ಲ, ಗಂಡಸರಲ್ಲಿ ಸುಮಾರು 42%. ಇದಕ್ಕೆ ಸೋಮಾರಿತನ ಕಾರಣ ಅಂತ ಯಾರಾದರೂ ಅಂದರೆ ನನಗೆ ಕೋಪ ಬರುತ್ತದೆ. ಪಾತ್ರೆ ನೀವು ತೊಳೆಯಿರಿ, ಆ ಹೊತ್ತಿಗೆ ಅವರು ನಡೆದು ಬರಲಿ.

ಪ್ರಶ್ನೆ: ಮಗ 9ನೇ ಕ್ಲಾಸು. ಪಿಟಿ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟಿದ್ದಾರೆ. ಓದು ಮುಖ್ಯ ಅಲ್ವಾ ಅಂತ ನಾವೂ ಸುಮ್ನಿದ್ದೇವೆ. ಸರಿನಾ? – ತಂದೆ, ಹುಬ್ಬಳ್ಳಿ

ಉತ್ತರ: ಸರಿಯಲ್ಲ. ಬೆಳೆಯುವ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಆಟ ಬೇಕು. ಮೂಳೆ ಗಟ್ಟಿಯಾಗುವುದು ಈ ವಯಸ್ಸಿನಲ್ಲೇ. ಕಣ್ಣಿಗೂ ಇದು ಬೇಕು ಅನ್ನುವುದು ಬಹಳ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಶಾಲೆಯಲ್ಲೇ ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ನೋಡಿದರು. ಮೂರು ವರ್ಷದಲ್ಲಿ ಆ ಶಾಲೆಗಳಲ್ಲಿ ದೂರದ್ದು ಮಸುಕಾಗುವ ದೃಷ್ಟಿದೋಷ ಬಂದಿದ್ದು 30.4% ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ 39.5%. ಅಲ್ಲಿ ಕೆಲಸ ಮಾಡಿದ್ದು ಮುಖ್ಯವಾಗಿ ಬಯಲಿನ ಬೆಳಕು ಇರಬೇಕು. ನಿಮ್ಮ ಮಗ ಅವರಿಗಿಂತ ದೊಡ್ಡವನು, ಆದರೂ ಟ್ಯೂಷನ್‌ಗೆ ಮೊದಲು ಒಂದು ಗಂಟೆ ಬಯಲಿಗೆ ಬಿಡಿ. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಅಂಕದ ಬಗ್ಗೆ ಕೇಳುವ ಮೊದಲು ಪಿಟಿ ಪಿರಿಯಡ್ ಎಲ್ಲಿ ಹೋಯಿತು ಅಂತ ಕೇಳಿ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಜಾಸ್ತಿ ಪದಕ ಬಂದರೆ ಜನರ ಆರೋಗ್ಯವೂ ಸುಧಾರಿಸುತ್ತದೆಯೇ? – ವಿದ್ಯಾರ್ಥಿ, ಮೈಸೂರು

ಉತ್ತರ: ಪದಕ ಬಂದರೆ ನನಗೂ ಖುಷಿ. ಆದರೆ ಟಿವಿ ಮುಂದೆ ಕೂತು ಚಪ್ಪಾಳೆ ಹೊಡೆದವರೆಲ್ಲ ಆಡಲು ಇಳಿಯುವುದಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಜನಸಾಮಾನ್ಯರೂ ಮೈದಾನಕ್ಕೆ ಬರುತ್ತಾರೆ ಅಂತ ಭರವಸೆ ಇತ್ತು. ಹೇಳಿಕೊಳ್ಳುವಂಥ ಏರಿಕೆ ಉಳಿಯಲಿಲ್ಲ. ಕೊಲಂಬಿಯಾದ ಬೊಗೊಟಾದಲ್ಲಿ 1974ರಿಂದ ಬೇರೆಯೇ ದಾರಿ. ಭಾನುವಾರ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ ಕಾರು, ಬೈಕುಗಳಿಗೆ ತಡೆ. ಈಗ 120 ಕಿಲೋಮೀಟರಿಗೂ ಹೆಚ್ಚು ರಸ್ತೆ ಸೈಕಲ್ಲಿಗೆ, ಸ್ಕೇಟಿಂಗಿಗೆ, ಮಕ್ಕಳ ಕೈ ಹಿಡಿದು ನಡೆಯುವವರಿಗೆ. ಟಿಕೆಟ್ ಇಲ್ಲ, ಕೋಚ್ ಬೇಕಿಲ್ಲ. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡದಿರುವಾಗ ಬೆಂಗಳೂರಿನ ಜನರಿಗೂ ಇದರ ರುಚಿ ಸಿಗುತ್ತದೆ.

ನಿಮ್ಮ ಊರಿನಲ್ಲಿ ಅಷ್ಟು ದೊಡ್ಡದೇನೂ ಬೇಕಿಲ್ಲ. ಸಂಜೆ ಬೀಗ ಬೀಳುವ ಸರ್ಕಾರಿ ಶಾಲೆ ಮೈದಾನವನ್ನು ಎಂಟರವರೆಗೆ ತೆರೆದಿಡಲು ಒಂದು ಅರ್ಜಿ ಬರೆಯಿರಿ. ಎರಡು ದೀಪ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ, ಇವನ್ನೂ ಅದರಲ್ಲೇ ಸೇರಿಸಿ.